ಸುಂಗಟನ ಮುಂಗಾಲು

ನಮ್ಮ ಸುಂಗಟನಿಗೆ ಈಗ ಮೂರೇ ಕಾಲು. ನಮ್ಮೂರು ಚಿತ್ತಾಕುಲದ ರಸ್ತೆಯಲ್ಲಿ ಅದನ್ನು ತಿರುಗಾಡಿಸಲು ಕರೆದೊಯ್ದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ, "ಹೈವೇದಲ್ಲಿ ಗಾಡಿ ಹೊಡೀತಾ?" ನಾನು ಹೌದೆಂದು ತಲೆಯಾಡಿಸಿ ಮುಂದೆ ಹೋಗುತ್ತೇನೆ. ನಾಯಿ ತನ್ನ ಕಾಲನ್ನು ತಾನೇ ನೆಕ್ಕಿ ನೆಕ್ಕಿ ಕಳೆದುಕೊಂಡಿತು ಎಂದು ದಾರಿಯಲ್ಲಿ ನಿಂತು ಹೇಗೆ ಹೇಳುವುದು? ಹೇಳಲು ಹೊರಟರೆ ಆಯಿಯಿಂದ ಶುರು ಮಾಡಬೇಕು. ಇಂಥದೇ ನಾಯಿಯನ್ನು ಪಕ್ಕದಲ್ಲಿಟ್ಟುಕೊಂಡು, ಮನೆಯವರಿಂದ ಬೈಸಿಕೊಂಡು, ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಕೂತವರು ನನ್ನಂತೆ ಇನ್ನೂ ಇದ್ದಾರೆ ಎಂದು ಈಚೆಗೆ ಗೊತ್ತಾಯಿತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆಯಿ ಎಂದರೆ ನಮ್ಮ ತಾಯಿ. ಕಾರವಾರದ ಮೀನುಪೇಟೆಯಲ್ಲಿ ಕೂತು ಮೀನು ಮಾರುತ್ತಿದ್ದಳು. ಒಂದು ದಿನ ಸಂಜೆ ಪೇಟೆಯಿಂದ ಬಂದವಳು ಖಾಲಿ ಬುಟ್ಟಿಯನ್ನು ಜಗುಲಿಯ ಮೇಲಿಟ್ಟಳು. ಬುಟ್ಟಿಯ ತಳದಲ್ಲಿ ಕೆಂಬಣ್ಣದ ಒಂದು ಮರಿ ಬಾಲವನ್ನು ಮೂಗಿಗೆ ತಾಗಿಸಿಕೊಂಡು ಮುದುಡಿ ಮಲಗಿತ್ತು. "ಸುಂಗಟದ ಹಾಂಗೆ ಕಾಣ್ತದೆ ಅಲ್ವಾ?" ಎಂದಳು. ನಮ್ಮ ಮನೆಮಾತು ಅರ್ಧ ಕೊಂಕಣಿ, ಅರ್ಧ ಕನ್ನಡ. ಕೊಂಕಣಿಯಲ್ಲಿ ಸಿಗಡಿಗೆ ಸುಂಗಟ ಎನ್ನುತ್ತಾರೆ. ಅದೇ ಹೆಸರಾಯಿತು.

ನಾನು ಮನೆಯ ಜಗುಲಿಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ, ಶಾಲೆಯ ಯೂನಿಫಾರಂ ಹೊಲಿಯುತ್ತೇನೆ. ಮದುವೆಯಾಗಲಿಲ್ಲ. ತಮ್ಮ ರಮಾಕಾಂತ ಬೈತಖೋಲ ಬಂದರಿನಿಂದ ಹೊರಡುವ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಅವನ ಹೆಂಡತಿ ಸುಚಿತಾ. ಇಷ್ಟು ಜನರಲ್ಲಿ ಸುಂಗಟ ಯಾರದು ಎಂದು ಕೇಳಿದರೆ ಎಲ್ಲರೂ ಆಯಿಯನ್ನೇ ತೋರಿಸುತ್ತಿದ್ದರು. ಆಯಿ ಬಸ್ಸಿಳಿಯುವ ಹೊತ್ತಿಗೆ ಅದು ಬಸ್‌ಸ್ಟಾಪಿನಲ್ಲಿರುತ್ತಿತ್ತು. ಆಯಿ ಊಟಕ್ಕೆ ಕೂತರೆ ಅದೂ ಕೂರುತ್ತಿತ್ತು. ಮೀನಿನ ಮುಳ್ಳು ಬಿಡಿಸಿ ಮೊದಲ ತುತ್ತನ್ನು ಅದಕ್ಕೆ ಹಾಕಿಯೇ ಅವಳು ತಾನು ಬಾಯಿಗಿಡುತ್ತಿದ್ದುದು.

ಆಯಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ತಿಳಿದಾಗ ಅದು ಆಗಲೇ ಬಹಳ ಬೆಳೆದಿತ್ತು. ಆಸ್ಪತ್ರೆಯವರು ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದರು. ಮಳೆಗಾಲ, ಬೋಟುಗಳೆಲ್ಲ ದಡದಲ್ಲಿದ್ದವು, ಹಾಗಾಗಿ ರಮಾಕಾಂತನೂ ಮನೆಯಲ್ಲಿದ್ದ. ಹೊರಗಿನ ಕೋಣೆಯಲ್ಲಿ ಮಡಚುವ ಮಂಚ ಹಾಕಿ ಆಯಿಯನ್ನು ಮಲಗಿಸಿದೆವು. ಸುಂಗಟ ಮಂಚದ ಕೆಳಗೆ ಸೇರಿತು. ಕೊನೆಕೊನೆಗೆ ಅವಳಿಗೆ ಚಮಚದಲ್ಲಿ ನೀರಷ್ಟೇ ಇಳಿಯುತ್ತಿತ್ತು. ನಾನು ಕೊಟ್ಟರೆ ನೀರೆಲ್ಲ ಕುತ್ತಿಗೆಗೆ ಚೆಲ್ಲುತ್ತಿತ್ತು. ರಮಾಕಾಂತ ನನ್ನ ಕೈಯಿಂದ ಚಮಚ ತೆಗೆದುಕೊಂಡ. ಆಮೇಲೆ ಆ ಕೆಲಸ ಅವನದೇ ಆಯಿತು. ಒಂದು ಮಧ್ಯಾಹ್ನ, ಹಂಚಿನ ಮೇಲೆ ಮಳೆ ಬಡಿಯುತ್ತಿರುವಾಗ, ಆಯಿ ಹೋದಳು.

ನಾಯಿಗಳು ಊಳಿಡುತ್ತವೆ ಎಂದು ಕೇಳಿದ್ದೆ. ಸುಂಗಟ ಊಳಿಡಲಿಲ್ಲ. ಜನ ಬಂದರು, ಹೋದರು, ಹನ್ನೆರಡು, ಹದಿಮೂರನೆಯ ದಿನದ ಕಾರ್ಯ ಎಲ್ಲ ಮುಗಿಯಿತು. ಮಂಚ ಮಡಚಿ ಅಟ್ಟಕ್ಕೆ ಹಾಕಿದೆವು. ಅದು ಮಂಚವಿದ್ದ ಜಾಗದಲ್ಲೇ ಬರಿ ನೆಲದ ಮೇಲೆ ಮಲಗಿ ಎಡ ಮುಂಗಾಲಿನ ಮಣಿಕಟ್ಟನ್ನು ನೆಕ್ಕತೊಡಗಿತು.

ಮೊದಮೊದಲು ಯಾರೂ ಗಮನಿಸಲಿಲ್ಲ. ನಾಯಿ ಎಂದಮೇಲೆ ನೆಕ್ಕುತ್ತದೆ. ಆದರೆ ಇದು ನಿಲ್ಲುತ್ತಿರಲಿಲ್ಲ. ಹೊಲಿಗೆಯ ಪೆಡಲಿನಿಂದ ಕಾಲು ತೆಗೆದು ನಾನು ದಾರ ಪೋಣಿಸುವಾಗ, ಯಂತ್ರ ಸುಮ್ಮನಾದ ಆ ಸ್ವಲ್ಪ ಹೊತ್ತಿನಲ್ಲಿ, ಒಳಗಿನಿಂದ ಚಪ್ ಚಪ್ ಎಂಬ ಒದ್ದೆ ಸದ್ದು ಬರುತ್ತಿತ್ತು. ಗದರಿಸಿದರೆ ನಿಲ್ಲಿಸಿ ನನ್ನ ಮುಖ ನೋಡುತ್ತಿತ್ತು. ಮತ್ತೆ ನೆಕ್ಕುತ್ತಿತ್ತು. ಕೂದಲು ಉದುರಿತು. ಕೆಳಗಿನ ಚರ್ಮ ಗುಲಾಬಿಯಾಯಿತು, ದಪ್ಪಗಾಯಿತು, ಒಡೆಯಿತು. ನಾನು ಅರಿಶಿನ ಹಚ್ಚಿದೆ, ಬೇವಿನೆಲೆ ಅರೆದು ಮೆತ್ತಿದೆ, ಹಾಗಲಕಾಯಿಯ ರಸ ಸವರಿದೆ. ಕಹಿಯೆಂದು ಮುಖ ಕಿವುಚಿಕೊಂಡೇ ಅದು ಎಲ್ಲವನ್ನೂ ನೆಕ್ಕಿ ಮುಗಿಸಿತು. ರವಿಕೆಯ ಲೈನಿಂಗ್ ಬಟ್ಟೆಯಿಂದ ಕಾಲುಚೀಲ ಹೊಲಿದು ತೊಡಿಸಿದೆ. ನಾನು ಒಲೆಯ ಮೇಲಿನ ಅನ್ನ ಇಳಿಸಿ ಬರುವುದರೊಳಗೆ ಅದನ್ನು ಹರಿದು ಹಾಕಿತ್ತು.

ಪಕ್ಕದ ಮನೆಯ ಪಾರ್ವತಕ್ಕ ಖಾರದ ಪುಡಿ ಹಚ್ಚಲು ಹೇಳಿದಳು. ನನಗಿಂತ ಮೊದಲು ಸುಚಿತಾ ಬೇಡವೆಂದಳು. ಅವಳು ಆಗಷ್ಟೇ ಬಸುರಿಯಾಗಿದ್ದಳು. ಗಾಯದ ವಾಸನೆಗೆ ಓಕರಿಕೆ ಬರುತ್ತಿತ್ತು. ಆದರೂ, "ಹಸಿ ಗಾಯಕ್ಕೆ ಖಾರನಾ? ಪಾಪ ಅದ್ಕೆ," ಎಂದಳು.

ಕಾರವಾರದ ದನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಬೆಂಚಿನ ಮೇಲೆ ಆಮೇಲೆ ಎಷ್ಟು ಹೊತ್ತು ಕಳೆದೆನೆಂದರೆ ಎದುರಿನ ಗೋಡೆಯ ಸುಣ್ಣ ಎಲ್ಲೆಲ್ಲಿ ಎದ್ದಿದೆ ಎಂಬುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹೊಟ್ಟೆ ಉಬ್ಬಿದ ಆಡನ್ನು ತಬ್ಬಿಕೊಂಡ ಹೆಂಗಸು, ಮೀನಿನ ಬುಟ್ಟಿಯಲ್ಲಿ ಬೆಕ್ಕು ತಂದ ಮುದುಕ, ಹೊರಗೆ ಹುಣಸೆ ಮರಕ್ಕೆ ಕಟ್ಟಿದ ಎಮ್ಮೆ. ಅವರೆಲ್ಲರ ಕಷ್ಟವನ್ನು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಮೇವು ತಿನ್ನುವುದಿಲ್ಲ, ಹಾಲು ಬಿಡುವುದಿಲ್ಲ, ಕಾಲು ಮುರಿದಿದೆ. "ನಿಮ್ದಕ್ಕೆ ಎಂತಾ ಆಗದೆ?" ಎಂದು ಮುದುಕ ಕೇಳಿದ. "ನೆಕ್ತದೆ," ಎಂದೆ. ನಾನು ಇನ್ನೇನಾದರೂ ಹೇಳುತ್ತೇನೆಂದು ಅವನು ಕಾದ.

ಡಾಕ್ಟರು ಹಾವೇರಿ ಕಡೆಯ ಹುಡುಗಿ, ಇನ್ನೂ ಚಿಕ್ಕ ವಯಸ್ಸು. ಗಾಯವನ್ನು ಒರೆಸಿ, ಬೆರಳ ಸಂದಿ ಬಿಡಿಸಿ, ಮೂಳೆ ಒತ್ತಿ ನೋಡಿದರು. ಹುಳವಿಲ್ಲ, ಮುಳ್ಳಿಲ್ಲ. ಆಮೇಲೆ ಕುರ್ಚಿಯಲ್ಲಿ ಕೂತು, "ಮನ್ಯಾಗ ಏನರ ಬದಲಾಗೇತೇನ್ರೀ?" ಎಂದು ಕೇಳಿದರು.

ಹೌದೆಂದೆ, ಏನೆಂದು ಹೇಳದೆ ಸುಂಗಟನ ಕಿವಿ ಸವರುತ್ತ ಕೂತೆ. ಅವರು ಒತ್ತಾಯಿಸಲಿಲ್ಲ.

"ಗಾಯ ಆಗೇತಿ ಅಂತ ನೆಕ್ಕಾಕತ್ತಿಲ್ರೀ ಇದು. ನೆಕ್ಕಿದ್ದಕ್ಕ ಗಾಯ ಆಗೇತಿ. ಗಾಯಕ್ಕ ಔಷಧ ಕೊಡ್ತೀನಿ. ಅದರ ಜೊತಿಗೆ ಮನಸ್ಸಿಗೂ ಒಂದು ಗುಳಿಗಿ ಕೊಡ್ತೀನಿ. ಭಾಳ ದಿನ ಕೊಡಬೇಕಾಗ್ತದ. ಒಂಟಿ ಬಿಡಬ್ಯಾಡ್ರಿ."

ಕುತ್ತಿಗೆಗೆ ಬಕೆಟ್ಟಿನಂಥ ಪ್ಲಾಸ್ಟಿಕ್ ಕಾಲರು ಹಾಕಿ ಕಳಿಸಿದರು. ಮನೆಗೆ ಬಂದ ಸುಂಗಟ ಬಾಗಿಲ ಚೌಕಟ್ಟಿಗೆ ಡಿಕ್ಕಿ ಹೊಡೆದು, ಹಿಂದೆ ಸರಿದು, ಮತ್ತೆ ಡಿಕ್ಕಿ ಹೊಡೆದು, ಕೊನೆಗೆ ಹೊಸ್ತಿಲಲ್ಲೇ ಕೂತಿತು. ಪಾರ್ವತಕ್ಕ ನಗುತ್ತ ನಿಂತಿದ್ದಳು. ರಮಾಕಾಂತ ನಗಲಿಲ್ಲ. ಗುಳಿಗೆ ಯಾತಕ್ಕೆಂದು ಕೇಳಿದ. ಹೇಳಿದೆ.

"ಆಯಿ ಸತ್ತದ್ದು ನಮ್ಗೂ ಅಲ್ವಾ ಅಕ್ಕಾ? ನಮ್ಗೆ ಯಾರು ಗುಳ್ಗಿ ಕೊಟ್ರು?" ಎಂದ. ಎದ್ದು ಹೊರಗೆ ಹೋದ.

ಗುಳಿಗೆ ಕೆಲಸ ಮಾಡಿತು. ಗಾಯದ ಸುತ್ತ ತೆಳುವಾದ ಹೊಸ ಚರ್ಮ ಬಂತು. ಒಂದೆರಡು ಕಡೆ ಕೂದಲೂ ಹುಟ್ಟಿತು. ಊಟದ ಹೊತ್ತಿಗೆ ಕಾಲರು ತೆಗೆದರೂ ಬಟ್ಟಲಿಗೇ ಬಾಯಿ ಹಾಕುತ್ತಿತ್ತು, ಕಾಲಿಗೆ ಹಾಕುತ್ತಿರಲಿಲ್ಲ. ನಾನು ಡಾಕ್ಟರಿಗೆ ತೋರಿಸಲೆಂದು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟೆ. ಆದರೆ ಅಷ್ಟರಲ್ಲಿ ಮಳೆ ಕಡಿಮೆಯಾಗಿ ಬೋಟುಗಳು ಕಡಲಿಗಿಳಿದವು. ರಮಾಕಾಂತ ಹೋದ. ಗಣಪತಿ ಹಬ್ಬಕ್ಕೆ ಮುಂಚಿನ ಹೊಲಿಗೆ ಮೇಲಿಂದ ಮೇಲೆ ಬಿತ್ತು. ನಾನು ಜಗುಲಿ ಬಿಟ್ಟು ಏಳುವುದೇ ಕಷ್ಟವಾಯಿತು. ಸುಂಗಟ ಕಾಲರನ್ನು ಗೋಡೆಗೆ ಒತ್ತಿ ಬಗ್ಗಿಸಿ ಅದರಂಚಿನಿಂದ ಕಾಲಿಗೆ ನಾಲಗೆ ಮುಟ್ಟಿಸುವುದನ್ನು ಕಲಿತುಕೊಂಡಿತು. ವಾರದೊಳಗೆ ಮೊದಲಿನದಕ್ಕಿಂತ ದೊಡ್ಡ ಗಾಯ.

ಬೋಟು ದಡಕ್ಕೆ ಬಂದಾಗಲೆಲ್ಲ ರಮಾಕಾಂತ ಮನೆಯಲ್ಲಿ ಕೂರಲಾರದವನಂತೆ ಆಡುತ್ತಿದ್ದ. ಊಟಕ್ಕೆ ಕೂತವನು ಆ ಸದ್ದು ಕೇಳಿದೊಡನೆ ತಟ್ಟೆ ಸರಿಸಿ ಏಳುತ್ತಿದ್ದ. "ನಿಲ್ಸೇ ಅಕ್ಕಾ ಅದ್ನ! ಹೊರಗಾದ್ರೂ ಕಟ್ಟು!" ಹೊರಗೆ ಕಟ್ಟಿದರೆ ಇನ್ನೂ ಜಾಸ್ತಿ ನೆಕ್ಕುತ್ತದೆ ಎಂದು ನಾನು. ಸುಚಿತಾಳ ತಾಯಿ ಫೋನಿನಲ್ಲಿ, ಬಸುರಿ ಇರುವ ಮನೆಯಲ್ಲಿ ಕೀವು ಸುರಿಯುವ ನಾಯಿಯೇ ಎಂದು ದಿನಾ ಕೇಳುತ್ತಿದ್ದರು. ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ.

ಒಂದು ದಿನ ನಾನು ದಾರ, ಗುಂಡಿ ತರಲು ಕಾರವಾರಕ್ಕೆ ಹೋಗಿ ಬರುವಷ್ಟರಲ್ಲಿ ಸುಂಗಟ ಮನೆಯಲ್ಲಿರಲಿಲ್ಲ. ಹಗ್ಗ ಬಿಚ್ಚಿತ್ತು. ಕಾಲರು ಜಗುಲಿಯ ಮೂಲೆಯಲ್ಲಿತ್ತು. ತಪ್ಪಿಸಿಕೊಂಡು ಹೋಗಿರಬೇಕು ಎಂದ ರಮಾಕಾಂತ. ನಾನು ನದಿ ಕಡಲಿಗೆ ಸೇರುವಲ್ಲಿಯವರೆಗೆ ದಂಡೆಯುದ್ದಕ್ಕೂ ಕೂಗುತ್ತ ನಡೆದೆ. ಸೇತುವೆ ದಾಟಿ ಮೀನುಪೇಟೆಗೆ ಹೋದೆ. ಆಯಿ ಕೂರುತ್ತಿದ್ದ ಜಾಗದಲ್ಲಿ ಈಗ ಬೇರೆ ಹೆಂಗಸು ಕೂರುತ್ತಾಳೆ. "ನಿಮ್ಮ ಆಯಿಯ ನಾಯಿ ಅಲ್ವಾ? ಬಂದ್ರೆ ಹಿಡ್ದ್ ಇಟ್ಕಳ್ತೆ ತಂಗೀ," ಎಂದಳು. ಮರುದಿನವೂ ಹುಡುಕಿದೆ, ಅದರ ಮರುದಿನವೂ. ರಮಾಕಾಂತ ಬೋಟಿಗೆ ಹೋಗದೆ ಮನೆಯಲ್ಲೇ ಉಳಿದ. ಹುಡುಕಲೂ ಬರಲಿಲ್ಲ. ಸದ್ದು ನಿಂತಿತ್ತಲ್ಲ, ಆದರೂ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಒಂದು ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟುತ್ತಿರುವಾಗ ಬಾಗಿಲಿಗೆ ಬಂದು ನಿಂತ.

"ಅಕ್ಕಾ, ಅದ್ನ ನಾನೇ ಬಿಟ್ಟ್ ಬಂದೆ."

"ಎಲ್ಲಿ?"

"ಸುಂಕಸಾಳದಲ್ಲಿ. ಹುಬ್ಬಳ್ಳಿಗೆ ಮೀನು ಒಯ್ಯೂ ಗಾಡೀಲಿ ಹೋಗಿದ್ದೆ. ಅಲ್ಲಿ ರಸ್ತೆ ಬದೀಗೆ ಹೋಟ್ಲ್ ಅದೆ, ಲಾರಿ ನಿಲ್ತದೆ. ತಿನ್ನೂಕೆ ಏನಾರೂ ಸಿಗ್ತದೆ ಅಂದ್ಕಂಡೆ. ತಿನ್ನೂಕೆ ತೊಂದ್ರೆ ಆಗೂದ್ ಬೇಡ ಅಂತ ಕಾಲರನ್ನ ಇಲ್ಲೇ ತೆಗ್ದಿಟ್ಟೆ."

ನನಗೆ ಅವನನ್ನು ಹೊಡೆಯಬೇಕೆನಿಸಿತು. ಹೊಡೆಯಲಿಲ್ಲ. "ಅಂಗಿ ಹಾಕ್ಕಂಡ್ ಬಾ," ಎಂದೆ.

ಅಂಕೋಲೆಯವರೆಗೆ ಒಂದು ಬಸ್ಸು, ಅಲ್ಲಿಂದ ಯಲ್ಲಾಪುರದ ಬಸ್ಸು. ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ಅವನು ಚಹಾ ತಂದುಕೊಟ್ಟ. ಇಸಿದುಕೊಂಡೆ, ಕುಡಿದೆ. ಕಡಲು ಹಿಂದೆ ಬಿದ್ದು ಎರಡೂ ಬದಿಯಲ್ಲಿ ಕಾಡು ಶುರುವಾದಾಗ ನಾನು ಕಿಟಕಿಗೆ ಮುಖ ಒತ್ತಿ ರಸ್ತೆಯ ಬದಿಯನ್ನೇ ನೋಡತೊಡಗಿದೆ. ಈ ರಸ್ತೆಯಲ್ಲಿ ಎಂಥೆಂಥ ಲಾರಿಗಳು. ನಮ್ಮ ನಾಯಿಗೆ ಮೀನುಪೇಟೆ ಗೊತ್ತು, ಬಸ್‌ಸ್ಟಾಪು ಗೊತ್ತು. ಕಾಡು ಗೊತ್ತಿಲ್ಲ.

ಸುಂಕಸಾಳದಲ್ಲಿ ಇಳಿದು ಬಹಳ ಹುಡುಕಬೇಕಾಗಲಿಲ್ಲ. ಅವನು ಎಲ್ಲಿ ಬಿಟ್ಟಿದ್ದನೋ ಅಲ್ಲೇ, ಒಂದು ಸಣ್ಣ ಚಹಾದಂಗಡಿಯ ಹಿಂದೆ, ಸೌದೆ ರಾಶಿಯ ಪಕ್ಕ ಇತ್ತು. ಗಾಡಿ ತನ್ನನ್ನು ಇಳಿಸಿದ ಜಾಗ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಅಂಗಡಿಯ ಹೆಂಗಸು ಕೈ ಒರೆಸಿಕೊಳ್ಳುತ್ತ ಬಂದಳು.

"ನಿಮ್ದಾ? ಒಂದೊಂದ್ ಗಾಡಿ ನಿಂತಾಗ್ಲೂ ಎದ್ದ್ ನೋಡ್ತದೆ. ಅನ್ನ ಹಾಕ್ದೆ, ಮೀನು ಹಾಕ್ದೆ, ಮುಟ್ಟೂದಿಲ್ಲ. ಬರೀ ಆ ಕಾಲು ನೆಕ್ಕೂದೇ. ನಂಗೆ ನೋಡೂಕಾಗ್ದೆ ಹಳೇ ಸೀರೆ ಹರ್ದ್ ಕಟ್ಟಿದೆ, ಅದನ್ನೂ ಬಿಚ್ಚಾಕ್ತು."

ನನ್ನನ್ನು ನೋಡಿ ಅದು ಏಳಲು ನೋಡಿತು. ಮುಂಗಾಲು ಊರಲಾಗದೆ ಬಿತ್ತು. ಮಣಿಕಟ್ಟಿನಲ್ಲಿ ಚರ್ಮವೆಂಬುದೇ ಉಳಿದಿರಲಿಲ್ಲ. ಒಳಗೆ ಬೆಳ್ಳಗೆ ಏನೋ ಕಾಣುತ್ತಿತ್ತು. ನೋಡಿದೊಡನೆ ಮೂಳೆ ಎಂದು ಗೊತ್ತಾಯಿತು. ರಮಾಕಾಂತ ಅಲ್ಲೇ ಸೌದೆಯ ಮೇಲೆ ಕೂತುಬಿಟ್ಟ.

ಬಸ್ಸಿನವರು ಹತ್ತಿಸಿಕೊಳ್ಳಲಿಲ್ಲ. ಅಂಗಡಿಯ ಹೆಂಗಸೇ ರಸ್ತೆಗೆ ಬಂದು ಕೈಯೊಡ್ಡಿ, ಮೀನು ಇಳಿಸಿ ಖಾಲಿ ಬರುತ್ತಿದ್ದ ಒಂದು ಗಾಡಿಯನ್ನು ನಿಲ್ಲಿಸಿದಳು. ಹಿಂದೆ ಖಾಲಿ ಕ್ರೇಟುಗಳ ನಡುವೆ ಕೂತೆವು. ರಮಾಕಾಂತ ಸುಂಗಟನನ್ನು ತೊಡೆಯ ಮೇಲೆ ಮಲಗಿಸಿಕೊಂಡು, ನೆಕ್ಕದಿರಲೆಂದು ಗಾಯದ ಸುತ್ತ ಅಂಗೈ ಮುಚ್ಚಿ ಹಿಡಿದ. ಅದು ಕಾಲು ಸಿಗದೆ ಅವನ ಕೈಯನ್ನೇ ನೆಕ್ಕತೊಡಗಿತು. ಅವನು ಕೈ ತೆಗೆಯಲಿಲ್ಲ. ಗಾಳಿಯಲ್ಲೂ ನನಗೆ ಆ ಸದ್ದು ಕೇಳುತ್ತಿತ್ತು. ಅವನ ಮುಖ ನೋಡಿದೆ. ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಇದೇ ಸಪ್ಪಳ ಅಕ್ಕಾ," ಎಂದ. "ಆಯಿಗೆ ಚಮಚಾದಲ್ಲಿ ನೀರ್ ಬಿಡ್ತಿದ್ನಲ್ಲಾ. ಕೊನೇ ಎರಡು ದಿವ್ಸ ನೀರು ಒಳಗೆ ಹೋಗ್ತಿರ್ಲಿಲ್ಲ. ಆದ್ರೂ ಬಾಯಿ ಹೀಂಗೇ ಮಾಡ್ತಿತ್ತು. ಚಮಚ ತೆಗೆದ್ಮೇಲೂ ಮಾಡ್ತಿತ್ತು. ನೀನು ಒಳಗೆ ಇರ್ತಿದ್ದೆ, ನಿಂಗೆ ಕೇಳ್ಲಿಲ್ಲ. ಈಗ ಮನೇಗೆ ಕಾಲಿಟ್ರೆ ಸಾಕು, ಆಯಿಗೆ ನೀರ್ ಬೇಕಾಗದೆ, ನಾನು ಕೊಡ್ತಿಲ್ಲ ಅಂದಂಗಾಗ್ತದೆ. ನಂಗೆ ತಡ್ಕಳೂಕೆ ಆಗ್ಲಿಲ್ಲ."

ನನ್ನ ಸೆರಗಿನಿಂದ ಅವನ ಮುಖ ಒರೆಸಿದೆ. ಅವನು ಚಿಕ್ಕವನಿದ್ದಾಗ ಒರೆಸಿದ್ದು ಬಿಟ್ಟರೆ ಮತ್ತೆ ಅಂದೇ. ಅಂಕೋಲೆ ಬಂತು, ಕಡಲಿನ ಗಾಳಿ ಬಂತು, ನಾಯಿ ಅವನ ಕೈ ನೆಕ್ಕುತ್ತಲೇ ಇತ್ತು.

ಡಾಕ್ಟರು ಎಕ್ಸರೇ ನೋಡಿ ಕಾಲು ಉಳಿಯುವುದಿಲ್ಲವೆಂದರು. ಕೀವು ಮೂಳೆಗಿಳಿದಿತ್ತು. ಭುಜದಿಂದಲೇ ತೆಗೆಯಬೇಕು, ಇಲ್ಲದಿದ್ದರೆ ಜೀವ ಹೋಗುತ್ತದೆ. ನೋವಿಲ್ಲದೆ ಮಲಗಿಸಿಬಿಡುವುದೂ ಒಂದು ದಾರಿ ಎಂದು ಮೆಲ್ಲಗೆ ಹೇಳಿ ನಮ್ಮಿಬ್ಬರ ಮುಖ ನೋಡಿದರು. "ಕಾಲು ತೆಗೀರಿ," ಎಂದ ರಮಾಕಾಂತ. ನಾನು ಬಾಯಿ ತೆಗೆಯುವ ಮೊದಲೇ.

ಶಸ್ತ್ರಚಿಕಿತ್ಸೆಯ ದಿನ ನಾವು ಅದೇ ಬೆಂಚಿನ ಮೇಲೆ ಕೂತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಸುಚಿತಾ ರಿಕ್ಷಾದಿಂದ ಇಳಿದಳು. ಬೇಡವೆಂದರೂ ಬಂದಿದ್ದಳು, ಕೈಯಲ್ಲಿ ಊಟದ ಡಬ್ಬಿ. "ಆಯಿ ಇದ್ರೆ ಬತ್ತಿದ್ರು ಅಲ್ವಾ," ಎಂದು ನನ್ನ ಪಕ್ಕ ಕೂತಳು. ಯಾರಿಗೂ ಊಟ ಸೇರಲಿಲ್ಲ. ಆದರೂ ಅವಳು ಕಲಸಿ ಕೈಗೆ ಕೊಟ್ಟ ತುತ್ತನ್ನು ಅಕ್ಕ ತಮ್ಮ ಇಬ್ಬರೂ ತಿಂದೆವು.

ಮನೆಗೆ ತಂದ ಮೇಲಿನ ದಿನಗಳೇ ಎಲ್ಲಕ್ಕಿಂತ ಕಷ್ಟದವು. ಎದ್ದರೆ ಎಡಕ್ಕೆ ಬೀಳುತ್ತಿತ್ತು. ಬಿದ್ದಾಗ ಕೂಗುತ್ತಿರಲಿಲ್ಲ, ತಾನೇನೋ ತಪ್ಪು ಮಾಡಿದಂತೆ ನಮ್ಮನ್ನು ನೋಡುತ್ತಿತ್ತು. ಹೊಲಿಗೆ ಬಿಚ್ಚಿದ ಮೇಲೆ ಒಂದು ಸಂಜೆ ಅದು ಮಲಗಿದಲ್ಲೇ ಕತ್ತು ಚಾಚಿ, ಕಾಲಿಲ್ಲದ ಕಡೆಗೆ ಬಾಯಿ ಒಯ್ದು, ಮಣಿಕಟ್ಟು ಇರಬೇಕಾಗಿದ್ದ ಜಾಗದಲ್ಲಿ ಬರಿ ಗಾಳಿಯನ್ನು ನೆಕ್ಕಿತು. ನಿಲ್ಲಿಸಿ ನೋಡಿತು. ಮತ್ತೆ ನೆಕ್ಕಿತು. ನಾನು ಯಂತ್ರ ಬಿಟ್ಟೆದ್ದು ಹೋಗಿ ಆ ಖಾಲಿ ಜಾಗದಲ್ಲಿ ನನ್ನ ಕೈ ಇಟ್ಟೆ. ಆಯಿ ಹೋದ ಮೇಲೆ ನಾನು ಬಾಯಿಬಿಟ್ಟು ಅತ್ತದ್ದು ಅಂದೇ.

ಕಾಲು ಹೋದರೂ ಚಾಳಿ ಹೋಗಲಿಲ್ಲ. ಕೆಲವು ತಿಂಗಳ ಮೇಲೆ ಬಲಗಾಲಿಗೆ ಬಾಯಿ ಹಾಕತೊಡಗಿತು. ಈಗ ನಮಗೆ ಅದರ ಲಕ್ಷಣ ಗೊತ್ತು. ಮನೆಯಲ್ಲಿ ಗಲಾಟೆಯಾದರೆ, ಯಾರಾದರೂ ಚೀಲ ಹಿಡಿದು ಹೊರಟರೆ, ಇಡೀ ದಿನ ಮಳೆ ಹಿಡಿದು ತಿರುಗಾಟ ತಪ್ಪಿದರೆ ಶುರುವಾಗುತ್ತದೆ. ಗುಳಿಗೆ ಇನ್ನೂ ನಡೆಯುತ್ತಿದೆ. ಗದರಿಸುವುದನ್ನು ಎಲ್ಲರೂ ಬಿಟ್ಟಿದ್ದೇವೆ. ಹೊಲಿಗೆ ಯಂತ್ರದ ಪಕ್ಕವೇ ಗೋಣಿ ಹಾಸಿದ್ದೇನೆ. ತೆಂಗಿನ ಗರಟೆಯಲ್ಲಿ ಒಣಮೀನಿನ ಚೂರು ಸಿಕ್ಕಿಸಿ ಕೊಟ್ಟರೆ ಅದನ್ನು ಕೆರೆದು ತೆಗೆಯುವುದರಲ್ಲಿ ಬಹಳ ಹೊತ್ತು ಕಳೆಯುತ್ತದೆ. ಸುಚಿತಾಳ ಮಗಳು ಈಗ ಅಂಬೆಗಾಲಿಡುತ್ತಾಳೆ. ಸುಂಗಟ ಅವಳ ಹಿಂದೆ ಕುಂಟುತ್ತ ಹೋಗುತ್ತದೆ. ರಮಾಕಾಂತ ದಡದಲ್ಲಿದ್ದ ದಿನ ಅದನ್ನು ಎತ್ತಿಕೊಂಡು ಹೋಗಿ ಗಟ್ಟಿ ಮರಳಿನ ಮೇಲೆ ನಡೆಸುತ್ತಾನೆ. ಸುಂಕಸಾಳದ ಮಾತನ್ನು ನಾವಿಬ್ಬರೂ ಮತ್ತೆ ಎತ್ತಿಲ್ಲ. ನಾನು ಕ್ಷಮಿಸಿದ್ದೇನೆಯೇ ಎಂದು ಅವನು ಕೇಳಿಲ್ಲ. ಮೀನಿನ ಗಾಡಿ ಮನೆಯೆದುರು ನಿಂತರೆ ಸುಂಗಟ ಈಗಲೂ ಒಳಕೋಣೆಗೆ ಹೋಗಿ ಮೂಲೆ ಸೇರುತ್ತದೆ. ಅವನು ಅದನ್ನು ನೋಡುತ್ತಾನೆ. ಅಷ್ಟು ಸಾಕೆನಿಸುತ್ತದೆ ನನಗೆ.

ಕಳೆದ ಸಲ ಗುಳಿಗೆಗೆಂದು ಆಸ್ಪತ್ರೆಗೆ ಹೋದಾಗ ಬೆಂಚಿನಲ್ಲಿ ಕಿನ್ನರ ಎಂಬ ಊರಿನ ಗಂಡಸೊಬ್ಬರು ಕೂತಿದ್ದರು. ಅರವತ್ತು ದಾಟಿದ ವಯಸ್ಸು, ಬಿಳಿ ಅಂಗಿ. ಕಾಲ ಬುಡದಲ್ಲಿ ಕಪ್ಪು ನಾಯಿ, ಅದರ ಹಿಂಗಾಲಿಗೆ ಟವೆಲ್ಲು ಸುತ್ತಿತ್ತು. ನಾಯಿ ಟವೆಲ್ಲಿನ ಮೇಲೆಯೇ ನೆಕ್ಕುತ್ತಿತ್ತು. ಅವರು ಪ್ರತಿ ಸಲವೂ ಅದರ ಮೂತಿಯನ್ನು ಮೆತ್ತಗೆ ಸರಿಸುತ್ತಿದ್ದರು. ಸುಂಗಟನ ಭುಜವನ್ನು ಬಹಳ ಹೊತ್ತು ನೋಡಿದರು.

"ಗಾಡಿ ಹೊಡೀತಾ?"

"ಇಲ್ಲ," ಎಂದೆ. "ನೆಕ್ಕೂ ಚಾಳಿ. ನಿಮ್ದರ ಹಾಂಗೇ."

ಅವರು ಟವೆಲ್ಲಿನ ಮೇಲೆ ಕೈಯಿಟ್ಟರು. "ಪೂರಾ ಗುಣ ಆಗ್ತದಾ ಇದು?"

"ಪೂರಾ ಆಗೂದಿಲ್ಲ. ಕಮ್ಮಿ ಆಗ್ತದೆ. ನೀವು ಬೇಗ ಬಂದೀರಿ, ಕಾಲು ಉಳೀತದೆ."

ಅವರು ತಲೆಯಾಡಿಸಿದರು. ಯಾವಾಗ ಶುರುವಾಯಿತು ಎಂದು ಕೇಳಿದೆ.

"ನಮ್ಮನೆಯವ್ಳು ಹೋದ್ಮೇಲೆ," ಎಂದರು. ಅಷ್ಟಕ್ಕೇ ನಿಲ್ಲಿಸಿ ಗೋಡೆ ನೋಡಿದರು.

"ನಮ್ದು ನಮ್ಮ ಆಯಿ ತೀರ್ಕಂಡ್ಮೇಲೆ," ಎಂದೆ.

ಅವರು ನನ್ನ ಕಡೆ ತಿರುಗಿದರು. ಹೆಂಡತಿ ಬೆಳಿಗ್ಗೆ ಎದ್ದು ಅಂಗಳ ಗುಡಿಸುವಾಗ ಈ ನಾಯಿ ಕಸಬರಿಗೆ ಕಚ್ಚಿ ಹೇಗೆ ಎಳೆಯುತ್ತಿತ್ತು ಎಂಬಲ್ಲಿಂದ ಶುರು ಮಾಡಿದರು. ಒಳಗಿನಿಂದ ನನ್ನ ಹೆಸರು ಕೂಗಿದ್ದು ಕೇಳಿತು. ಅವರು ಮಾತು ನಿಲ್ಲಿಸಲು ಹೋದರು. ನಾನು ಹಿಂದೆ ಕೋಳಿ ಹಿಡಿದು ನಿಂತಿದ್ದ ಹೆಂಗಸಿಗೆ ಮೊದಲು ಹೋಗಲು ಹೇಳಿ, ಸುಂಗಟನನ್ನು ಮಡಿಲಿಗೆಳೆದುಕೊಂಡು, "ಹೇಳಿ, ಆಮೇಲೆ?" ಎಂದೆ.